ಯೆನಿಸೇ ನದಿಯೂ ಕಾರಾ ಸಮುದ್ರವೂ

ನದಿಗಳು ಸಮುದ್ರವನ್ನು ಸೇರಿದೊಡನೆ ನಾಮರೂಪಗಳನ್ನು ನೀಗಿಕೊಂಡು ಅದರಲ್ಲಿ ಒಂದಾಗುತ್ತವೆಂಬ ಉಪಮಾನವು ಉಪನಿಷತ್ತುಗಳ ಕಾಲದಿಂದಲೂ ಪ್ರಸಿದ್ಧವಾದುದು. ಉಪಮಾನದ ಮಟ್ಟಿಗೆ ಅದಕ್ಕೆ ಆಕ್ಷೇಪವಿಲ್ಲ. ಆದರೆ ಭೂಮಿಯ ಎಲ್ಲ ಸಮುದ್ರಗಳೂ ನದಿಗಳನ್ನು ಇಷ್ಟು ಸುಲಭವಾಗಿ ಜೀರ್ಣಿಸಿಕೊಳ್ಳುವುದಿಲ್ಲ. ಸೈಬೀರಿಯದ ಉತ್ತರಕ್ಕಿರುವ ಕಾರಾ ಸಮುದ್ರಕ್ಕೆ ಬಂದು ಬೀಳುವ ಯೆನಿಸೇ ನದಿಯ ನೀರು ಸಮುದ್ರದೊಳಗೆ ನೂರಾರು ಮೈಲಿ ಸಾಗಿದ ಮೇಲೆಯೂ ತನ್ನ ಬಣ್ಣವನ್ನು, ತನ್ನ ಹಗುರತನವನ್ನು, ಒಂದು ಮಟ್ಟಿಗೆ ತನ್ನ ರುಚಿಯನ್ನು ಸಹ ಉಳಿಸಿಕೊಂಡಿರುತ್ತದೆ. ಅಷ್ಟೇ ಅಲ್ಲ, ಆ ಸಮುದ್ರ ಯಾವಾಗ ಹೆಪ್ಪುಗಟ್ಟಬೇಕು, ಎಂತಹ ಮಂಜುಗಡ್ಡೆಯನ್ನು ಕಟ್ಟಬೇಕು, ಅದರ ಆಳದಲ್ಲಿರುವ ಶಾಖವು ಮೇಲಕ್ಕೆ ಬರಬೇಕೆ ಬೇಡವೆ ಎಂಬುದರಲ್ಲೆಲ್ಲ ನದಿಯ ಕೈವಾಡವಿದೆ. ಆ ಕೈವಾಡವು ಯಾವ ಕಡೆಗೆ ವಾಲುತ್ತದೆ, ನದಿಯು ಮಂಜುಗಡ್ಡೆಗೆ ವೈರಿಯೋ ರಕ್ಷಕನೋ ಎಂಬ ಪ್ರಶ್ನೆ ಒಂದೂವರೆ ಶತಮಾನದಿಂದ ನಡೆದುಬಂದಿದೆ.

ಕಾರಾ ಸಮುದ್ರವು ಉತ್ತರಧ್ರುವ ಸಾಗರದ ಒಂದು ಅಂಚಿನ ಸಮುದ್ರ. ಪಶ್ಚಿಮಕ್ಕೆ ನೋವಾಯಾ ಜೆಮ್ಲಿಯಾ ದ್ವೀಪಗಳೂ ಪೂರ್ವಕ್ಕೆ ಸೇವೆರ್ನಾಯಾ ಜೆಮ್ಲಿಯಾ ದ್ವೀಪಗಳೂ ಅದಕ್ಕೆ ಗೋಡೆಗಳಂತಿವೆ. ವಿಸ್ತಾರ ಸುಮಾರು 9 ಲಕ್ಷ ಚದರ ಕಿಲೋಮೀಟರು. ವಿಸ್ತಾರ ದೊಡ್ಡದಾದರೂ ಆಳ ಬಹಳವಿಲ್ಲ. ಅಳಿವೆಗಳ ಮುಂದಿನ ದೊಡ್ಡ ಭಾಗವು 50 ಮೀಟರಿಗಿಂತಲೂ ಕಡಮೆ ಆಳದ್ದು. ಇಂತಹ ಆಳವಿಲ್ಲದ ತಟ್ಟೆಗೆ ಓಬ್ ಮತ್ತು ಯೆನಿಸೇ ಎಂಬ ಎರಡು ಮಹಾನದಿಗಳು ಅಕ್ಕಪಕ್ಕದಲ್ಲಿಯೇ ಬಂದು ಸೇರುತ್ತವೆ.

ಇವೆರಡರಲ್ಲಿ ಯೆನಿಸೇಯೇ ಹಿರಿದು. ಉತ್ತರಧ್ರುವ ಸಾಗರವನ್ನು ಸೇರುವ ನದಿಗಳಲ್ಲೆಲ್ಲ ಅತ್ಯಧಿಕ ನೀರನ್ನು ತರುವುದು ಅದೇ. ತೂವಾ ಪ್ರಾಂತದ ಕಿಜಿಲ್ ಪಟ್ಟಣದ ಬಳಿ ಎರಡು ಉಗಮನದಿಗಳು ಕೂಡಿದಲ್ಲಿಂದ ಅಳಿವೆಯವರೆಗೆ ಅದರ ಉದ್ದ ಸುಮಾರು 3,490 ಕಿಲೋಮೀಟರು. ಬೈಕಲ್ ಸರೋವರದಿಂದ ಹೊರಬೀಳುವ ಅಂಗಾರಾ ನದಿ ನಡುದಾರಿಯಲ್ಲಿ ಅದನ್ನು ಸೇರುತ್ತದೆ. ವರ್ಷಕ್ಕೆ ಯೆನಿಸೇ ಸಮುದ್ರಕ್ಕೆ ಒಪ್ಪಿಸುವ ನೀರು ಹೆಚ್ಚು ಕಡಮೆ 600 ಘನ ಕಿಲೋಮೀಟರು, ಎಂದರೆ ಸುಮಾರು 21 ಸಾವಿರ ಟಿ.ಎಂ.ಸಿ. ಕಾವೇರಿ ನ್ಯಾಯಮಂಡಳಿಯು 2007ರ ತೀರ್ಪಿನಲ್ಲಿ ಇಡೀ ಕಾವೇರಿ ಕಣಿವೆಯ ಒಟ್ಟು ನೀರೆಂದು ಲೆಕ್ಕಕ್ಕೆ ಹಿಡಿದದ್ದು 740 ಟಿ.ಎಂ.ಸಿ. ಎಂಬುದನ್ನು ನೆನೆದರೆ ಅಳತೆಯ ಕಲ್ಪನೆ ಬಂದೀತು. ಇಪ್ಪತ್ತೆಂಟು ಕಾವೇರಿಗಳು ಒಟ್ಟಿಗೆ ಹರಿದಂತಾಯಿತು! ಓಬ್ ನದಿ ತರುವ ಸುಮಾರು 400 ಘನ ಕಿಲೋಮೀಟರನ್ನೂ ಕೂಡಿಸಿ ಇಡೀ ಕಾರಾ ಸಮುದ್ರದ ಮೇಲೆ ಸಮನಾಗಿ ಹರಡಿದರೆ ಪ್ರತಿವರ್ಷವೂ ಒಂದು ಮೀಟರಿಗಿಂತ ಹೆಚ್ಚು ದಪ್ಪದ ಸಿಹಿನೀರಿನ ಪದರ ನಿಲ್ಲುತ್ತದೆ. ಲೋಕದ ಸಾಗರಗಳ ಒಟ್ಟು ನೀರಿನಲ್ಲಿ ಉತ್ತರಧ್ರುವ ಸಾಗರದ ಪಾಲು ನೂರಕ್ಕೆ ಒಂದು ಮಾತ್ರ. ಲೋಕದ ನದಿಗಳ ನೀರಿನಲ್ಲಿ ಅದಕ್ಕೆ ಸಲ್ಲುವ ಪಾಲು ನೂರಕ್ಕೆ ಸುಮಾರು ಹತ್ತು. ಈ ವೈಪರೀತ್ಯವೇ ಮುಂದಿನ ಎಲ್ಲ ಸಂಗತಿಗಳಿಗೂ ಮೂಲ.

ನೀರಿನ ಪ್ರಮಾಣವೊಂದೇ ಸಾಲದು. ನೀರಿನ ಶೈತ್ಯವೂ ಇಲ್ಲಿ ಮುಖ್ಯವಾದ ಸಂಗತಿ. ಸಮುದ್ರದ ನೀರು ಭಾರವೋ ಹಗುರವೋ ಎಂಬುದನ್ನು ನಿರ್ಧರಿಸುವುವು ಎರಡು: ಅದರಲ್ಲಿ ಕರಗಿರುವ ಉಪ್ಪು, ಮತ್ತು ಅದರ ಉಷ್ಣತೆ. ಉಪ್ಪು ಹೆಚ್ಚಿದರೆ ನೀರು ಭಾರವಾಗುತ್ತದೆ; ಕಾಯ್ದರೆ ಹಗುರವಾಗುತ್ತದೆ. ಉಷ್ಣವಲಯದ ಸಮುದ್ರದಲ್ಲಿ ಇವೆರಡಕ್ಕೂ ಬಲವುಂಟು. ಅಲ್ಲಿ ನೀರಿನ ಉಷ್ಣತೆ 20 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ, ಪ್ರತಿ ಕಿಲೋಗ್ರಾಂ ನೀರಿನಿಂದ ಸುಮಾರು ನಾಲ್ಕು ಗ್ರಾಂ ಉಪ್ಪನ್ನು ತೆಗೆದುಹಾಕಿದಷ್ಟು ಹಗುರತನ ಬರುತ್ತದೆ. ಶೀತಸಮುದ್ರದಲ್ಲಿ ಹಾಗಲ್ಲ. ಸೊನ್ನೆಯಿಂದ 10 ಡಿಗ್ರಿಗೆ ಕಾಯಿಸಿದರೂ ಆಗುವ ವ್ಯತ್ಯಾಸವು ಒಂದೂಕಾಲು ಗ್ರಾಂ ಉಪ್ಪಿನ ವ್ಯತ್ಯಾಸಕ್ಕೆ ಮಾತ್ರ ಸಮ. ನೀರು ತಣ್ಣಗಾದಂತೆಲ್ಲ ಉಷ್ಣತೆಯ ಅಧಿಕಾರ ಕುಗ್ಗಿ ಉಪ್ಪಿನ ಅಧಿಕಾರವೇ ಸರ್ವತಂತ್ರವಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿಯೂ ಮಳೆಗಾಲದ ತರುವಾಯ ಗಂಗೆ ಬ್ರಹ್ಮಪುತ್ರೆಗಳ ಸಿಹಿನೀರು ಮೇಲೆ ತೇಲುವುದುಂಟು. ಆದರೆ ಅಲ್ಲಿ ಬಿಸಿಲೂ ಮೇಲ್ಪದರವನ್ನು ಹಗುರಮಾಡಲು ನೆರವಾಗುತ್ತದೆ. ಕಾರಾ ಸಮುದ್ರದಲ್ಲಿ ನದಿಯು ಆ ಕೆಲಸವನ್ನು ಬಹುಮಟ್ಟಿಗೆ ಒಂಟಿಯಾಗಿಯೇ ಮಾಡುತ್ತದೆ.

ಇದರ ಫಲವಾಗಿ ಬೇಸಿಗೆಯಲ್ಲಿ ಕಾರಾ ಸಮುದ್ರವು ಒಂದು ಸಮುದ್ರವಾಗಿರದೆ, ಒಂದರ ಮೇಲೊಂದು ಮಲಗಿದ ಎರಡು ಸಮುದ್ರಗಳಾಗುತ್ತದೆ. ಮೇಲಿನ ಐದು ಹತ್ತು ಮೀಟರು ನೀರಿನಲ್ಲಿ, ಅಳಿವೆಯ ಸಮೀಪದಲ್ಲಂತೂ, ಕಿಲೋಗ್ರಾಮಿಗೆ ಹತ್ತು ಗ್ರಾಂ ಉಪ್ಪು ಸಹ ಇರದು. ಅದರ ಉಷ್ಣತೆ ಕೆಲವು ಡಿಗ್ರಿಗಳಷ್ಟು ಸೊನ್ನೆಯ ಮೇಲಿರುತ್ತದೆ. ಅದರ ಕೆಳಗೆ, ಬಾವಿಯ ಒಂದೆರಡು ಮೆಟ್ಟಿಲಿಳಿದಷ್ಟು ಅಂತರದಲ್ಲಿ, ಮೂವತ್ತು ಗ್ರಾಮಿಗೂ ಮಿಗಿಲಾದ ಉಪ್ಪುಳ್ಳ, ಸೊನ್ನೆಗಿಂತಲೂ ತಣ್ಣಗಿನ ನೀರು ಆರಂಭವಾಗುತ್ತದೆ. ಇಂತಹ ಸಮುದ್ರವನ್ನು ಕಲಕಬೇಕಾದರೆ ಗಾಳಿಯು ಕೆಳಗಿನ ಭಾರವಾದ ನೀರನ್ನು ಮೇಲಕ್ಕೆತ್ತಬೇಕು. ಸಾಮಾನ್ಯವಾದ ಗಾಳಿಯಿಂದ ಅದು ಸಾಧ್ಯವಾಗುವುದಿಲ್ಲ.

ಈ ಎರಡು ಪದರಗಳ ಸ್ವಾರಸ್ಯವನ್ನು ಅರಿಯದೆ ಅನುಭವಿಸಿದವನು ನಾರ್ವೆ ದೇಶದ ಫ್ರಿಟ್ಯೋಫ್ ನಾನ್ಸೆನ್. 1893ರ ಆಗಸ್ಟ್ ತಿಂಗಳ ಕೊನೆಯಲ್ಲಿ ಅವನ ಫ್ರಾಮ್ ನೌಕೆ ತೈಮಿರ್ ತೀರದ ದ್ವೀಪಗಳ ನಡುವೆ ಸಾಗುತ್ತಿದ್ದಾಗ ಇದ್ದಕ್ಕಿದ್ದಂತೆ ಅದರ ವೇಗ ಕುಸಿಯಿತು. ಯಂತ್ರ ಎಂದಿನಂತೆಯೇ ನಡೆಯುತ್ತಿತ್ತು, ಸಮುದ್ರ ಪ್ರಶಾಂತವಾಗಿತ್ತು; ಆದರೂ ಗಂಟೆಗೆ ನಾಲ್ಕೂವರೆ ನಾವಿಕ ಮೈಲಿ ಹೋಗಬೇಕಾದ ಹಡಗು ಒಂದು ಮೈಲಿ ಸಹ ಕಷ್ಟದಿಂದ ಹೋಗುವಂತಾಯಿತು. ನಾರ್ವೆಯ ನಾವಿಕರು ಇದನ್ನು ‘ಸತ್ತ ನೀರು’ ಎಂದು ಕರೆಯುತ್ತಿದ್ದರು. ನಾನ್ಸೆನ್ ಆಗ ಬರೆದಿಟ್ಟ ಒಂದು ಸಂಗತಿ ಗಮನಾರ್ಹವಾದುದು: ಮೇಲಿನಿಂದ ಮೊಗೆದ ನೀರನ್ನು ಕುಡಿಯಬಹುದಾಗಿತ್ತು, ಹಡಗಿನ ತಳದ ನಲ್ಲಿಯಿಂದ ಬಂದ ನೀರಾದರೋ ಬಾಯ್ಲರಿಗೆ ಸಹ ಯೋಗ್ಯವಲ್ಲದಷ್ಟು ಉಪ್ಪಾಗಿತ್ತು. ಊರಿಗೆ ಮರಳಿದ ಮೇಲೆ ಅವನು ಈ ಪ್ರಶ್ನೆಯನ್ನು ವಿಲ್ಹೆಲ್ಮ್ ಬ್ಯೆರ್ಕ್‌ನೆಸ್ ಎಂಬ ಭೌತವಿಜ್ಞಾನಿಯ ಮುಂದಿಟ್ಟನು. ಬ್ಯೆರ್ಕ್‌ನೆಸನ ಶಿಷ್ಯನಾದ ಎಕ್‌ಮನ್ ತೊಟ್ಟಿಯಲ್ಲಿ ಸಿಹಿನೀರು ಉಪ್ಪುನೀರುಗಳ ಪದರಗಳನ್ನು ನಿಲ್ಲಿಸಿ, ಪುಟ್ಟ ಹಡಗುಗಳನ್ನು ಎಳೆದು ಪರೀಕ್ಷೆ ನಡೆಸಿ 1904ರಲ್ಲಿ ಉತ್ತರವನ್ನು ಪ್ರಕಟಿಸಿದನು. ಸಿಹಿನೀರಿನ ಪದರದ ದಪ್ಪವು ಹಡಗಿನ ಮುಳುಗಿದ ಭಾಗಕ್ಕೆ ಸಮೀಪವಾಗಿದ್ದಾಗ, ಹಡಗಿನ ಚಲನೆಯಿಂದ ಎರಡು ಪದರಗಳ ನಡುವಣ ಗಡಿಯಲ್ಲಿ ದೊಡ್ಡ ಅಲೆಗಳೇಳುತ್ತವೆ. ಮೇಲೆ ನಿಂತವನಿಗೆ ಅವು ಕಾಣುವುದಿಲ್ಲ. ಯಂತ್ರದ ಶಕ್ತಿಯೆಲ್ಲ ಆ ಕಾಣದ ಅಲೆಗಳನ್ನು ಎಬ್ಬಿಸುವುದರಲ್ಲಿಯೇ ವ್ಯಯವಾಗುತ್ತದೆ. ಕರಗಿದ ಮಂಜುಗಡ್ಡೆಯ ನೀರೂ ಇಂತಹ ಪದರವನ್ನು ಕಟ್ಟಬಲ್ಲುದು. ಆದರೆ ಸೈಬೀರಿಯದ ತೀರದಲ್ಲಿ ಈ ವಿಷಯದಲ್ಲಿ ನದಿಗಳದೇ ಮೇಲುಗೈ.

ನಾನ್ಸೆನನಿಗಿಂತ ಹದಿನೈದು ವರ್ಷ ಮೊದಲೇ ಇನ್ನೊಬ್ಬನು ಇದೇ ನದಿನೀರನ್ನು ನಂಬಿ ಹಡಗು ಬಿಟ್ಟಿದ್ದನು. ಸ್ವೀಡನ್ನಿನ ನಾರ್ಡೆನ್‌ಷೆಲ್ಡ್ 1875ರಲ್ಲಿ ಯೆನಿಸೇಯ ಅಳಿವೆಯನ್ನು ಸಮುದ್ರಮಾರ್ಗವಾಗಿ ಮುಟ್ಟಿದವನು. ಅವನು ಹೂಡಿದ ತರ್ಕ ಸರಳವಾದುದು. ದಕ್ಷಿಣದ ಹುಲ್ಲುಗಾವಲುಗಳಲ್ಲಿ ಬಿಸಿಲುಂಡ ಓಬ್ ಯೆನಿಸೇಗಳ ಬೆಚ್ಚಗಿನ ನೀರು ಬೇಸಿಗೆಯ ಕೊನೆಗೆ ಸಮುದ್ರವನ್ನು ಸೇರುತ್ತದೆ. ಭೂಮಿಯ ಪರಿಭ್ರಮಣದ ಕಾರಣದಿಂದ ಉತ್ತರಾರ್ಧ ಗೋಳದಲ್ಲಿ ಹರಿಯುವ ನೀರು ಬಲಕ್ಕೆ, ಎಂದರೆ ಇಲ್ಲಿ ಪೂರ್ವಕ್ಕೆ, ತಿರುಗಲೇಬೇಕು. ಆದುದರಿಂದ ತೀರದ ಉದ್ದಕ್ಕೂ ಮಂಜುಗಡ್ಡೆಯಿಲ್ಲದ ಒಂದು ದಾರಿ ತೆರೆದಿರಬೇಕು. ಈ ತರ್ಕದ ಬಲದ ಮೇಲೆ ಅವನು ರಾಜಾಶ್ರಯವನ್ನು ದೊರಕಿಸಿಕೊಂಡು 1878ರಲ್ಲಿ ವೇಗಾ ನೌಕೆಯಲ್ಲಿ ಹೊರಟು, ಆಗಸ್ಟ್ 19ರಂದು ಏಷ್ಯಾಖಂಡದ ಉತ್ತರತುದಿಯಾದ ಚೆಲ್ಯೂಸ್ಕಿನ್ ಭೂಶಿರವನ್ನು ಮುಟ್ಟಿದನು. ಬೇರಿಂಗ್ ಜಲಸಂಧಿ ಇನ್ನೇನು ಸಿಕ್ಕಿತೆನ್ನುವಷ್ಟರಲ್ಲಿ ಮಂಜುಗಡ್ಡೆ ಹಿಡಿದುಹಾಕಿತು. ಹಡಗು ಬಿಡುಗಡೆಯಾದುದು ಮಾರನೆಯ ವರ್ಷದ ಜುಲೈ ತಿಂಗಳಲ್ಲಿ. ತರ್ಕ ಸುಳ್ಳಾಗಿರಲಿಲ್ಲ. ಆದರೆ ಅದು ಅರ್ಧಸತ್ಯವಾಗಿತ್ತು. ನದಿನೀರು ಸಾಮಾನ್ಯವಾಗಿ ಪೂರ್ವಕ್ಕೆ ತಿರುಗುವುದು ನಿಜವಾದರೂ ಗಾಳಿಯ ಮರ್ಜಿ ಬೇರೆಯಾದ ವರ್ಷಗಳಲ್ಲಿ ಅದು ತೀರವನ್ನು ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹರಡಿಕೊಳ್ಳುವುದುಂಟು.

ನದಿಯ ಶಾಖವೆಷ್ಟು, ಅದು ಯಾವಾಗ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಯೆನಿಸೇ ದಕ್ಷಿಣದಿಂದ ಉತ್ತರಕ್ಕೆ ಹರಿಯುವ ನದಿ. ಅದರ ತಲೆ ಬೆಚ್ಚಗಿನ ನಾಡಿನಲ್ಲಿದೆ, ಪಾದವು ಧ್ರುವವೃತ್ತದಾಚೆಗಿದೆ. ವಸಂತದಲ್ಲಿ ದಕ್ಷಿಣದ ಹಿಮ ಕರಗಿ ಪ್ರವಾಹವೇಳುವಾಗ ಕೆಳಗಿನ ಪಾತ್ರವಿನ್ನೂ ಗಟ್ಟಿ ಮಂಜುಗಡ್ಡೆಯಡಿ ಇರುತ್ತದೆ. ಬಂದ ನೀರು ಅದನ್ನು ಒಡೆದು, ನೂಕಿ, ಒಂದರ ಮೇಲೊಂದು ಪೇರಿಸಿ, ಅಲ್ಲಲ್ಲಿ ತಾನೇ ಕಟ್ಟಿದ ಅಣೆಕಟ್ಟುಗಳನ್ನು ತಾನೇ ಒಡೆಯುತ್ತ ಮೇ ಕೊನೆ ಜೂನ್ ಮೊದಲಿನ ಹೊತ್ತಿಗೆ ಅಳಿವೆಯತ್ತ ನುಗ್ಗುತ್ತದೆ. ಇಡೀ ವರ್ಷದ ನೀರಿನ ಸುಮಾರು ಮೂರನೆಯ ಒಂದು ಪಾಲು ಜೂನ್ ಒಂದೇ ತಿಂಗಳಲ್ಲಿ ಹರಿದುಹೋಗುತ್ತದೆ. ಆ ತಿಂಗಳ ಸರಾಸರಿ ಪ್ರವಾಹವೇ ಸೆಕೆಂಡಿಗೆ 70 ಸಾವಿರ ಘನ ಮೀಟರಿಗೂ ಮಿಗಿಲು. ಅಳಿವೆಯ ಮುಂದೆ ಸಮುದ್ರದ ಮಂಜುಗಡ್ಡೆಯಿನ್ನೂ ನಿಂತಿರುವುದರಿಂದ ನೀರಿನಲ್ಲಿ ಒಂದು ಭಾಗ ಅದರ ಮೇಲೆ ಹತ್ತಿ ಹರಿಯುತ್ತದೆ, ಮಿಕ್ಕದ್ದು ಅಡಿಯಲ್ಲಿ ನುಸುಳುತ್ತದೆ. ಬಿಳಿಯ ಹಿಮದ ಮೇಲೆ ಕಂದುನೀರು ಹರಡಿದೊಡನೆ ಬಿಸಿಲನ್ನು ಹಿಂದಕ್ಕೆ ತೂರುತ್ತಿದ್ದ ಮೇಲ್ಮೈ ಬಿಸಿಲನ್ನು ಹೀರತೊಡಗುತ್ತದೆ. ನದಿಯು ತಾನು ಹೊತ್ತುತಂದ ಶಾಖದಿಂದ ಮಾತ್ರವಲ್ಲದೆ ಹೀಗೆ ಬಿಸಿಲನ್ನು ಹಿಡಿದುಕೊಡುವುದರಿಂದಲೂ ಅಳಿವೆಯ ಮುಂದಿನ ಮಂಜುಗಡ್ಡೆಯನ್ನು ಬೇಗ ಕರಗಿಸುತ್ತದೆ. ಆದರೆ ಈ ಶಾಖವು ತೀರದ ಸಮೀಪದಲ್ಲಿಯೇ ಬಹುಪಾಲು ವೆಚ್ಚವಾಗಿಬಿಡುತ್ತದೆ. ದೂರದ ಸಾಗರದ ಮಂಜುಗಡ್ಡೆಯನ್ನು ಕರಗಿಸುವಷ್ಟು ಬಂಡವಾಳ ನದಿಯಲ್ಲಿಲ್ಲ.

ಕಂದುಬಣ್ಣದ ಮಾತು ಬಂದುದರಿಂದ ಒಂದು ತಪ್ಪುಕಲ್ಪನೆಯನ್ನು ತೊಡೆಯಬೇಕಾಗಿದೆ. ಅದು ಮಣ್ಣಿನ ಬಣ್ಣವಲ್ಲ. ಗಂಗೆಯ ಲೆಕ್ಕದಲ್ಲಿ ನೋಡಿದರೆ ಯೆನಿಸೇ ತರುವ ಹೂಳು ತೀರ ಅಲ್ಪ. ಬಣ್ಣವನ್ನು ಕೊಡುವುದು ಸೈಬೀರಿಯದ ಸೂಚಿಪರ್ಣ ಕಾಡುಗಳಿಂದಲೂ ಜೌಗುಗಳಿಂದಲೂ ಬಸಿದುಬಂದ, ಕೊಳೆತ ಎಲೆತೊಗಟೆಗಳ ಸತ್ತ್ವ. ಕಷಾಯಕ್ಕೆ ಬಣ್ಣ ಬರುವಂತೆಯೇ ಇದಕ್ಕೂ ಬಂದಿರುತ್ತದೆ. ಇರುವ ಹೂಳಾದರೂ ಸಮುದ್ರದೊಳಕ್ಕೆ ದೂರ ಹೋಗುವುದಿಲ್ಲ. ಉಪ್ಪುನೀರು ತಾಗಿದೊಡನೆ ಸೂಕ್ಷ್ಮಕಣಗಳು ಒಂದಕ್ಕೊಂದು ಅಂಟಿ ಮುದ್ದೆಗಟ್ಟಿ ಕೆಳಗಿಳಿಯುತ್ತವೆ. ರಷ್ಯದ ಸಾಗರವಿಜ್ಞಾನಿ ಲಿಸಿತ್ಸಿನ್ ಇದನ್ನು ಅಂಚಿನ ಸೋಸುವಿಕೆಯೆಂದು ವರ್ಣಿಸಿ, ನದಿಗಳ ಹೂಳಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಈ ಇಕ್ಕಟ್ಟಾದ ವಲಯದಲ್ಲಿಯೇ ನಿಂತುಬಿಡುತ್ತದೆಂದು ತೋರಿಸಿದ್ದಾರೆ. ಕರಗಿದ ಕಷಾಯ ಮಾತ್ರ ಸೋಸುವಿಕೆಯಿಂದ ಬಹುಮಟ್ಟಿಗೆ ಪಾರಾಗಿ ಮುಂದೆ ಸಾಗುತ್ತದೆ. ಅದು ಬೆಳಕನ್ನು ಮೇಲೆಯೇ ಹೀರಿಬಿಡುವುದರಿಂದ ಕೆಳಗಿನ ಸೂಕ್ಷ್ಮಸಸ್ಯಗಳಿಗೆ ಬೆಳಕು ಸಾಲದು. ಸಿಹಿನೀರಿನ ಮುಚ್ಚಳದಿಂದಾಗಿ ಆಳದ ಪೋಷಕದ್ರವ್ಯಗಳು ಮೇಲಕ್ಕೆ ಬರಲಾರವು. ಆದುದರಿಂದ ಇಷ್ಟು ದೊಡ್ಡ ನದಿ ಬಂದು ಬಿದ್ದರೂ ಕಾರಾ ಸಮುದ್ರವು ಮೀನಿನ ಸಮೃದ್ಧಿಗೆ ಹೆಸರಾದುದಲ್ಲ. ಅಳಿವೆಯ ಚಪ್ಪೆನೀರಿಗೇ ಒಗ್ಗಿಕೊಂಡ ಓಮುಲ್, ಮುಕ್ಸುನ್ ಮೊದಲಾದ ಮೀನುಗಳು ನದಿಗೂ ಸಮುದ್ರಕ್ಕೂ ನಡುವೆ ಬಾಳುತ್ತವೆ.

ಇನ್ನು ಚಳಿಗಾಲದ ಸಂಗತಿ. ಸಿಹಿನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ ಪೂರ್ಣ ಉಪ್ಪುಳ್ಳ ಸಮುದ್ರದ ನೀರಿಗೆ ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗಿನ ಚಳಿ ಬೇಕು. ಇದಲ್ಲದೆ ತೆರೆದ ಸಾಗರದಲ್ಲಿ ತಣ್ಣಗಾದ ನೀರು ಭಾರವಾಗಿ ಕೆಳಗಿಳಿದು, ಕೆಳಗಿನದು ಮೇಲೆ ಬಂದು, ಹೆಪ್ಪುಗಟ್ಟುವ ಮುನ್ನ ಒಂದು ದಪ್ಪ ಪದರವೇ ತಣಿಯಬೇಕಾಗುತ್ತದೆ. ಯೆನಿಸೇಯ ಮುಂದೆ ತಣಿಯಬೇಕಾದದ್ದು ಮೇಲಿನ ಕೆಲವು ಮೀಟರು ನೀರು ಮಾತ್ರ. ಆದುದರಿಂದ ಬೇಸಿಗೆಯಲ್ಲಿ ಮಂಜುಗಡ್ಡೆಯನ್ನು ಕರಗಿಸಿದ ನದಿನೀರೇ ಶರತ್ಕಾಲದಲ್ಲಿ ಅದನ್ನು ಬೇಗ ಕಟ್ಟಿಸುತ್ತದೆ. ಸೊನ್ನೆ ಡಿಗ್ರಿಯ ಸಿಹಿನೀರು ಅದಕ್ಕಿಂತಲೂ ತಣ್ಣಗಿನ ಉಪ್ಪುನೀರಿನ ಮೇಲೆ ಮಲಗಿದಾಗ ಇನ್ನೊಂದು ವಿಚಿತ್ರವೂ ನಡೆಯುತ್ತದೆ: ಉಪ್ಪು ಮೇಲೇರುವುದಕ್ಕಿಂತ ಬೇಗನೆ ಶಾಖವು ಕೆಳಗಿಳಿಯುವುದರಿಂದ ಎರಡರ ಗಡಿಯಲ್ಲಿಯೇ, ಗಾಳಿಯ ಚಳಿಯ ಹಂಗಿಲ್ಲದೆ, ಮಂಜುಗಡ್ಡೆ ಹುಟ್ಟುತ್ತದೆ. ಬೇಸಿಗೆಯಲ್ಲಿ ತೇಲುಗಡ್ಡೆಗಳಡಿ ಹೀಗೆ ಹುಟ್ಟಿದ ಮಂಜುಗಡ್ಡೆಯನ್ನು ಮೊದಲು ವರ್ಣಿಸಿದವನೂ ನಾನ್ಸೆನನೇ.

ನದಿನೀರಿನಿಂದಾದ ಮಂಜುಗಡ್ಡೆಯ ಜಾತಿಯೂ ಬೇರೆ. ಸಮುದ್ರದ ಮಂಜುಗಡ್ಡೆಯಲ್ಲಿ ಉಪ್ಪುನೀರಿನ ಸಣ್ಣ ಸಣ್ಣ ಗೂಡುಗಳು ಉಳಿದುಕೊಂಡು ಅದನ್ನು ಮೆದುಮಾಡುತ್ತವೆ. ಸಿಹಿನೀರಿನ ಮಂಜುಗಡ್ಡೆಯಲ್ಲಿ ಆ ಗೂಡುಗಳಿಲ್ಲದ ಕಾರಣ ಅದು ಕಲ್ಲಿನಂತೆ ಗಟ್ಟಿ. ಈ ಭೇದವು ಪ್ರಯೋಗಶಾಲೆಯ ಕುತೂಹಲ ಮಾತ್ರವೆಂದು ತಿಳಿಯಬಾರದು. ನೊರೀಲ್ಸ್ಕ್ ಗಣಿಗಳ ನಿಕ್ಕಲ್ ತಾಮ್ರಗಳು ಹೊರಕ್ಕೆ ಹೋಗುವುದು ಯೆನಿಸೇಯ ದುದಿಂಕಾ ಬಂದರಿನ ಮೂಲಕ. ಅಲ್ಲಿಗೆ 1970ರ ದಶಕದ ಕೊನೆಯಿಂದ ವರ್ಷವಿಡೀ ಹಡಗುಗಳನ್ನು ನಡೆಸತೊಡಗಿದಾಗ, ಅಳಿವೆಯ ಆಳ ಸಾಲದೆ ದೊಡ್ಡ ಅಣುಶಕ್ತಿ ಹಡಗುಗಳು ಒಳಗೆ ಬರಲಾರದೆ ಹೋದುವು. ಆಳವಿಲ್ಲದ ನೀರಿನಲ್ಲಿಯೂ ಓಡಾಡಿ ನದಿಯ ಗಟ್ಟಿ ಮಂಜುಗಡ್ಡೆಯನ್ನೊಡೆಯಲೆಂದು ತೈಮಿರ್, ವೈಗಾಚ್ ಎಂಬ ಎರಡು ಅಣುಶಕ್ತಿ ನೌಕೆಗಳನ್ನು ಫಿನ್‌ಲೆಂಡಿನಲ್ಲಿ ಕಟ್ಟಿಸಬೇಕಾಯಿತು. ಅವು ಕ್ರಮವಾಗಿ 1989 ಮತ್ತು 1990ರಲ್ಲಿ ಕೆಲಸಕ್ಕಿಳಿದುವು.

ಇಷ್ಟು ಹೊತ್ತು ಹೇಳಿದ್ದು ತೀರದ ಕಥೆ. ನದಿಯ ಮುಖ್ಯ ವ್ಯವಹಾರವು ನಡೆಯುವುದು ಇದಕ್ಕೂ ಆಚೆ. ಕಾರಾ ಸಮುದ್ರವನ್ನು ದಾಟಿದ ನದಿನೀರು ಧ್ರುವಸಾಗರದ ಆಳವಾದ ಬೋಗುಣಿಯ ಮೇಲೆ ಹರಡಿಕೊಳ್ಳುತ್ತದೆ. ಆ ಬೋಗುಣಿಯಲ್ಲಿ ಸುಮಾರು 150ರಿಂದ 900 ಮೀಟರು ಆಳದಲ್ಲಿ ಅಟ್ಲಾಂಟಿಕ್ ಸಾಗರದಿಂದ ಬಂದ, ಸೊನ್ನೆಗಿಂತ ಮೇಲಿನ ಉಷ್ಣತೆಯ ನೀರು ಇದೆಯೆಂಬುದನ್ನು ಕಂಡುಹಿಡಿದ ಕೀರ್ತಿಯೂ ಫ್ರಾಮ್ ಯಾತ್ರೆಗೇ ಸಲ್ಲಬೇಕು. ಧ್ರುವಸಾಗರದ ಮಂಜುಗಡ್ಡೆಯನ್ನೆಲ್ಲ ಕರಗಿಸಿ ಮಿಗುವಷ್ಟು ಶಾಖ ಅದರಲ್ಲಿದೆ. ಬೆಚ್ಚಗಿದ್ದರೂ ಉಪ್ಪು ಹೆಚ್ಚಾದುದರಿಂದ ಅದು ಭಾರವಾಗಿ ಕೆಳಗಿದೆ. ಮೇಲೆ ನದಿಗಳು ಹೊದಿಸಿದ ಹಗುರ ಪದರವಿದೆ. ಇವೆರಡರ ನಡುವೆ, ಚಳಿಗಾಲದಲ್ಲಿ ಅಂಚಿನ ಸಮುದ್ರಗಳು ಹೆಪ್ಪುಗಟ್ಟುವಾಗ ಉಗುಳಿದ ಉಪ್ಪಿನಿಂದ ಭಾರವಾಗಿ ಇಳಿದುಬಂದ ತಣ್ಣನೆಯ ನೀರಿನ ಪದರ ಒಂದು ಗೋಡೆಯಂತೆ ನಿಂತಿದೆ. ಶಾಖವು ಮೇಲೇರಲಾರದು, ಮಂಜುಗಡ್ಡೆ ಉಳಿಯುತ್ತದೆ. ಅಳಿವೆಯಲ್ಲಿ ಮಂಜುಗಡ್ಡೆಯನ್ನು ಕರಗಿಸುವ ನದಿಯೇ ಧ್ರುವದ ಸುತ್ತ ಅದನ್ನು ಕಾಯುವ ಕಾವಲುಗಾರನಾಗುವುದು ಹೀಗೆ.

ಈ ವಿಚಾರವು ವಿದ್ವಾಂಸರ ಕೊಠಡಿಯಿಂದ ಹೊರಬಿದ್ದುದು ಸೋವಿಯತ್ ದೇಶದ ಒಂದು ಮಹಾಯೋಜನೆಯಿಂದ. ಓಬ್ ಯೆನಿಸೇಗಳ ನೀರು ಯಾರಿಗೂ ಬೇಡದ ಸಮುದ್ರಕ್ಕೆ ವೃಥಾ ಹೋಗುತ್ತಿದೆ, ಅದನ್ನು ದಕ್ಷಿಣಕ್ಕೆ ತಿರುಗಿಸಿ ಮಧ್ಯ ಏಷ್ಯದ ಒಣನೆಲಗಳಿಗೆ ಹರಿಸಬೇಕೆಂದು ದವೀದೋವ್ ಎಂಬ ಇಂಜಿನಿಯರು 1949ರಲ್ಲಿ ಯೋಜನೆಯನ್ನು ಮಂಡಿಸಿದನು. ಮುಂದೆ ಅದು ರೂಪಾಂತರಗೊಂಡು, ಮೊದಲ ಹಂತದಲ್ಲಿ ಓಬ್ ಕಣಿವೆಯಿಂದ ವರ್ಷಕ್ಕೆ ಸುಮಾರು 25 ಘನ ಕಿಲೋಮೀಟರು ನೀರನ್ನು ಎರಡು ಸಾವಿರ ಕಿಲೋಮೀಟರಿಗೂ ಮೀರಿದ ಕಾಲುವೆಯಲ್ಲಿ ಒಯ್ಯಬೇಕೆಂಬ ಸರ್ಕಾರಿ ಪ್ರಸ್ತಾಪವಾಯಿತು. ಸಮುದ್ರಕ್ಕೆ ಹೋಗುವ ನೀರೆಲ್ಲ ವ್ಯರ್ಥವೆಂಬ ಮಾತು ಭಾರತದಲ್ಲಿಯೂ ಕೇಳಿಬರುವಂತಹುದೇ. ಅದನ್ನು ಹೇಳುವವರು ಸಮುದ್ರದ ಕಡೆಯ ಲೆಕ್ಕವನ್ನು ತೆರೆದು ನೋಡುವುದು ಅಪರೂಪ. ಇಲ್ಲಿ ಆ ಲೆಕ್ಕವನ್ನು ತೆರೆದವರು ಇದ್ದರು. ನದಿಯ ಶಾಖ ತಪ್ಪಿದರೆ ತೀರದ ಮಂಜುಗಡ್ಡೆ ಹೆಚ್ಚೀತೆಂದು ಕೆಲವರು ಶಂಕಿಸಿದರು. ಅಮೆರಿಕದ ಸಾಗರವಿಜ್ಞಾನಿಗಳಾದ ಓಗಾರ್ಡ್ ಮತ್ತು ಕೋಚ್‌ಮನ್ 1975ರಲ್ಲಿ ಇದಕ್ಕೆ ವಿರುದ್ಧವಾದ ವಾದವನ್ನು ಮಂಡಿಸಿದರು. ನದಿನೀರು ದೊಡ್ಡ ಪ್ರಮಾಣದಲ್ಲಿ ತಪ್ಪಿದರೆ ಮೇಲಿನ ಮುಚ್ಚಳ ತೆಳುವಾಗಿ, ಆಳದ ಅಟ್ಲಾಂಟಿಕ್ ಶಾಖ ಮೇಲೆ ಬಂದು, ಧ್ರುವಸಾಗರದ ಯೂರೇಷಿಯ ಪಾರ್ಶ್ವವು ಮಂಜುಗಡ್ಡೆಯನ್ನೇ ಕಳೆದುಕೊಳ್ಳಬಹುದೆಂಬುದು ಅವರ ವಾದ. 25 ಘನ ಕಿಲೋಮೀಟರಿನಿಂದ ಇಂತಹ ಅನಾಹುತವಾಗುತ್ತಿತ್ತೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಭಯವಿದ್ದುದು ಮುಂದಿನ ಹಂತಗಳ ಬಗ್ಗೆ. ಯೋಜನೆಯನ್ನು ನಿಲ್ಲಿಸಿದ್ದರಲ್ಲಿ ಖರ್ಚಿನ ಭಾರಕ್ಕೂ, ಸೆರ್ಗೈ ಜಲೀಗಿನ್, ವಲೆಂತೀನ್ ರಸ್ಪುತಿನ್ ಮೊದಲಾದ ಸಾಹಿತಿಗಳ ತೀವ್ರ ವಿರೋಧಕ್ಕೂ ದೊಡ್ಡ ಪಾಲುಂಟು. ಜಲೀಗಿನ್ ಕಾದಂಬರಿಕಾರನಾಗುವ ಮೊದಲು ಜಲಶಾಸ್ತ್ರವನ್ನು ಕಲಿತವನು. ಅವನ ಮಾತನ್ನು ಕವಿಭಾವನೆಯೆಂದು ತಳ್ಳಿಹಾಕುವಂತಿರಲಿಲ್ಲ. 1986ರ ಆಗಸ್ಟ್ ತಿಂಗಳಲ್ಲಿ ಯೋಜನೆ ರದ್ದಾಯಿತು.

ನದಿಯನ್ನು ತಿರುಗಿಸಲಿಲ್ಲವಾದರೂ ಅದರ ಕಾಲಮಾನವನ್ನು ಮನುಷ್ಯರು ತಿದ್ದಿಯೇ ಇದ್ದಾರೆ. ಅಂಗಾರಾ ನದಿಯ ಮೇಲೆ ಬ್ರಾತ್ಸ್ಕ್, ಯೆನಿಸೇಯ ಮೇಲೆ ಕ್ರಾಸ್ನೊಯಾರ್ಸ್ಕ್ ಮತ್ತು ಸಯಾನೊ-ಶುಶೆನ್ಸ್ಕಾಯಾ ಅಣೆಕಟ್ಟುಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎದ್ದುನಿಂತುವು. ವಿದ್ಯುತ್ತಿಗಾಗಿ ಚಳಿಗಾಲದಲ್ಲಿಯೂ ನೀರನ್ನು ಬಿಡಬೇಕಾಗುವುದರಿಂದ ಚಳಿಗಾಲದ ಹರಿವು ಮೊದಲಿಗಿಂತ ಬಹಳ ಹೆಚ್ಚಿದೆ. ಆಳದಿಂದ ಬಿಡುವ ನೀರು ಅಷ್ಟು ತಣ್ಣಗಿರದೆ ಕ್ರಾಸ್ನೊಯಾರ್ಸ್ಕ್ ನಗರದ ಬಳಿ ನದಿಯು ಕಡುಚಳಿಯಲ್ಲಿಯೂ ಹೆಪ್ಪುಗಟ್ಟುವುದಿಲ್ಲ. ಊರಿಡೀ ಮಂಜಿನ ಹಬೆಯಲ್ಲಿ ಮುಳುಗಿರುತ್ತದೆ. ಹಿಂದೆ ಚಳಿಗಾಲದಲ್ಲಿ ಹೆಚ್ಚುಕಡಮೆ ಮಲಗಿಬಿಡುತ್ತಿದ್ದ ನದಿ ಈಗ ಮಂಜುಗಡ್ಡೆಯ ಅಡಿಯಲ್ಲಿಯೇ ಸಮುದ್ರಕ್ಕೆ ಸಿಹಿನೀರನ್ನು ಕಳುಹಿಸುತ್ತಿರುತ್ತದೆ.

ಒಟ್ಟು ನೀರು ಸಹ ಹೆಚ್ಚುತ್ತ ಬಂದಿದೆ. ಯೆನಿಸೇಯೂ ಸೇರಿದಂತೆ ಯೂರೇಷಿಯದ ಆರು ಮಹಾನದಿಗಳು ಧ್ರುವಸಾಗರಕ್ಕೆ ತರುವ ನೀರು 1936ರಿಂದ 1999ರ ವರೆಗೆ ನೂರಕ್ಕೆ ಏಳರಷ್ಟು ಏರಿತೆಂದು ಪೀಟರ್‌ಸನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಜಗತ್ತು ಕಾಯುತ್ತಿರುವುದರಿಂದ ಉತ್ತರಕ್ಕೆ ಹೋಗುವ ಮೋಡಗಳಲ್ಲಿ ತೇವ ಹೆಚ್ಚಿದೆಯೆಂಬುದು ಇದಕ್ಕೆ ಕೊಡುವ ಮುಖ್ಯ ಸಮಾಧಾನ. ಮೇಲಿನ ತರ್ಕದಂತೆ ಹೆಚ್ಚಿದ ನದಿನೀರಿನಿಂದ ಮುಚ್ಚಳ ದಪ್ಪವಾಗಿ ಮಂಜುಗಡ್ಡೆಗೆ ಕಾವಲು ಬಲವಾಗಬೇಕಾಗಿತ್ತು. ಆಗಿರುವುದು ಹಾಗಲ್ಲ. ಗಾಳಿಯ ಕ್ರಮ ಬದಲಾದ ವರ್ಷಗಳಲ್ಲಿ ಸೈಬೀರಿಯದ ನದಿನೀರು ನೇರವಾಗಿ ಗ್ರೀನ್‌ಲೆಂಡಿನತ್ತ ಹೋಗದೆ ತೀರವನ್ನು ಹಿಡಿದು ಪೂರ್ವಕ್ಕೆ ಸಾಗಿ ಕೆನಡದ ಪಾರ್ಶ್ವದ ಬೋಗುಣಿಯಲ್ಲಿ ಶೇಖರವಾಗಿರುವುದು ಉಪಗ್ರಹಗಳ ಅಳತೆಯಿಂದಲೂ ನೀರಿನ ಪರೀಕ್ಷೆಯಿಂದಲೂ ತಿಳಿದುಬಂದಿದೆ. ಜಮೆಯಾದದ್ದು ಒಂದು ಶಾಖೆಯಲ್ಲಿ, ಶಿಲ್ಕು ಕಾಣುವುದು ಇನ್ನೊಂದು ಶಾಖೆಯಲ್ಲಿ ಎಂಬಂತಾಗಿದೆ. ಅಲ್ಲಿ ಮುಚ್ಚಳ ದಪ್ಪವಾಗಿದ್ದರೆ ಯೂರೇಷಿಯದ ಪಾರ್ಶ್ವದಲ್ಲಿ ತೆಳುವಾಗಿದೆ. ಕಾರಾ ಸಮುದ್ರದ ಉತ್ತರಕ್ಕೂ ಪೂರ್ವಕ್ಕೂ ಇರುವ ಆಳಸಾಗರದಲ್ಲಿ ನಡುವಣ ತಣ್ಣನೆಯ ಗೋಡೆ ದುರ್ಬಲವಾಗಿ, ಅಟ್ಲಾಂಟಿಕ್ ನೀರಿನ ಶಾಖವು ಚಳಿಗಾಲದಲ್ಲಿ ಮೇಲಕ್ಕೆ ತಲಪುತ್ತಿದೆಯೆಂದು ಪಾಲ್ಯಕೋವ್ ಮತ್ತು ಸಂಗಡಿಗರು 2017ರಲ್ಲಿ ವರದಿಮಾಡಿದರು. ನದಿಯನ್ನು ಯಾರೂ ತಿರುಗಿಸದಿದ್ದರೂ ಓಗಾರ್ಡ್ ಮತ್ತು ಕೋಚ್‌ಮನ್ 1975ರಲ್ಲಿ ಭಯಪಟ್ಟ ಸ್ಥಿತಿಯು ಬೇರೊಂದು ದಾರಿಯಿಂದ ಆ ಪಾರ್ಶ್ವಕ್ಕೆ ಬರತೊಡಗಿದೆ.